ಕೂಗಳತೆಯ ದೂರ

ಹಾಲಿನ ಬೂತು ನಮ್ಮ ಮನೆಯಿಂದ 460 ಹೆಜ್ಜೆ. ಇಪ್ಪತ್ತು ವರ್ಷ ಅಲ್ಲಿಗೆ ಸ್ಕೂಟರಿನಲ್ಲಿ ಹೋಗಿ ಬಂದೆ. ಎಷ್ಟು ಹತ್ತಿರವಿದೆ ಎಂದು ತಿಳಿದದ್ದು ಸ್ಕೂಟರು ಬಿಟ್ಟ ಮೇಲೆ.

*

ದೂರ ಅಳೆಯಲು ನಮ್ಮ ಹಿರಿಯರ ಬಳಿಯಿದ್ದ ಮಾತುಗಳೆಲ್ಲ ಮೈಯಿಂದಲೇ ಬಂದವು. ಗೇಣು, ಮೊಳ, ಮಾರು, ಹೆಜ್ಜೆ. ಕೂಗಿದರೆ ಕೇಳುವಷ್ಟು ದೂರ ಕೂಗಳತೆ. ಹೆಚ್ಚುಕಡಿಮೆ ಮೂರು ಮೈಲಿ, ಅಂದರೆ ಒಂದು ಗಂಟೆಯ ನಡಿಗೆ, ಹರದಾರಿ. ರೋಮನ್ನರ ಮೈಲಿಯೂ ಸಾವಿರ ಜೋಡಿಹೆಜ್ಜೆಯಿಂದಲೇ ಹುಟ್ಟಿದ್ದು. ಹೂವಿನವಳು ಇವತ್ತಿಗೂ ಮಲ್ಲಿಗೆಯನ್ನು ಮೊಳದಲ್ಲಿ ಅಳೆದು ಕೊಡುತ್ತಾಳೆ. ದಾರಿಯ ಅಳತೆಯನ್ನು ಮಾತ್ರ ನಾವು ಗಾಡಿಗೆ ಒಪ್ಪಿಸಿಬಿಟ್ಟೆವು.

*

ಯಾವುದು ಹತ್ತಿರ, ಯಾವುದು ದೂರ ಎಂಬ ತೀರ್ಮಾನವನ್ನು ಕಾಲಿಗೆ ಬಿಟ್ಟರೆ ಊರು ಕೈಗೆಟುಕುತ್ತದೆ. ಗಾಡಿಗೆ ಬಿಟ್ಟರೆ ಪಕ್ಕದ ಬೀದಿಯೂ ಪರಸ್ಥಳವಾಗುತ್ತದೆ.

*

ಕನ್ನಡದಲ್ಲಿ ‘ನಡೆ’ ಎಂದರೆ ಕಾಲಿನ ಕೆಲಸವೂ ಹೌದು, ಬಾಳಿನ ರೀತಿಯೂ ಹೌದು. ನಡತೆ, ನಡವಳಿಕೆ, ನಡೆನುಡಿ ಎಲ್ಲವೂ ಒಂದೇ ಬೇರಿನ ಚಿಗುರು. ನಮ್ಮಲ್ಲಿ ಮದುವೆ ನಡೆಯುತ್ತದೆ, ಸಂತೆ ನಡೆಯುತ್ತದೆ, ಸಂಸಾರವೂ ನಡೆಯುತ್ತದೆ. ಬದುಕಿನ ವೇಗ ಎಷ್ಟಿರಬೇಕೆಂದು ಭಾಷೆ ಎಂದೋ ಹೇಳಿಟ್ಟಿದೆ.

*

ಅಜ್ಜಿಯ ಕಾಲದಲ್ಲಿ ಯಾರೂ ‘ವಾಕಿಂಗ್’ ಮಾಡುತ್ತಿರಲಿಲ್ಲ. ನೀರಿಗೆ ನಡೆಯುತ್ತಿದ್ದರು, ಸಂತೆಗೆ ನಡೆಯುತ್ತಿದ್ದರು, ಗದ್ದೆಗೆ, ಗುಡಿಗೆ, ಬಾಣಂತಿ ಮಗಳ ಮನೆಗೆ ನಡೆಯುತ್ತಿದ್ದರು. ಅವರ ನಡಿಗೆಗೆ ಯಾವಾಗಲೂ ಒಂದು ಚತುರ್ಥಿ ವಿಭಕ್ತಿ ಇತ್ತು. ನಮ್ಮ ನಡಿಗೆ ಅದನ್ನು ಕಳೆದುಕೊಂಡಿದೆ. ಅದಕ್ಕೇ ಮೂರನೆಯ ವಾರಕ್ಕೆ ನಿಂತುಹೋಗುತ್ತದೆ.

*

ಆರೋಗ್ಯಕ್ಕಾಗಿ ನಡೆಯುವವನಿಗೆ ಛಲ ಬೇಕು. ಕೆಲಸಕ್ಕಾಗಿ ನಡೆಯುವವನಿಗೆ ಮನೆಯಲ್ಲಿ ಕೊತ್ತಂಬರಿ ಸೊಪ್ಪು ಮುಗಿದಿದ್ದರೆ ಸಾಕು.

*

ವಾರಕ್ಕೆ ಕನಿಷ್ಠ 150 ನಿಮಿಷವಾದರೂ ಮೈ ಬಿಸಿಯಾಗುವಂತೆ ಓಡಾಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಕಿಲೋಮೀಟರ್ ದೂರದ ಅಂಗಡಿಗೆ ಚುರುಕಾಗಿ ಹೋಗಲು ಹನ್ನೆರಡು ನಿಮಿಷ, ಬರಲು ಹನ್ನೆರಡು ನಿಮಿಷ. ದಿನಕ್ಕೊಮ್ಮೆ ಹೋಗಿ ಬಂದರೆ ವಾರಕ್ಕೆ 168 ನಿಮಿಷ. ಡಾಕ್ಟರು ಬರೆದುಕೊಡುವ ಚೀಟಿಯ ಅರ್ಧ ಮಾತು ದಿನಸಿ ಚೀಟಿಯಲ್ಲೇ ಇದೆ.

*

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬುದು ವೈದ್ಯಶಾಸ್ತ್ರದಿಂದ ಬಂದ ಸಂಖ್ಯೆಯಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಸಾಧನ ತಯಾರಿಸಿ ಅದಕ್ಕೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂಬರ್ಥದ ಹೆಸರಿಟ್ಟು ಮಾರಿತು. ಆ ಸಂಖ್ಯೆಯನ್ನು ಮುಟ್ಟಲಾಗಲಿಲ್ಲವೆಂದು ನಡೆಯುವುದನ್ನೇ ಬಿಟ್ಟವರನ್ನು ಬಲ್ಲೆ. ಸೊಪ್ಪಿನ ಗಾಡಿಯವರೆಗಿನ ಮುನ್ನೂರು ಹೆಜ್ಜೆಯೂ ಹೆಜ್ಜೆಯೇ.

*

ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯ ಮೇಲೆ ಜೆರ್ರಿ ಮಾರಿಸ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 1953ರಲ್ಲಿ ಪ್ರಕಟವಾಯಿತು. ದಿನವಿಡೀ ಕೂತೇ ಇದ್ದ ಚಾಲಕರಿಗಿಂತ, ದಿನವಿಡೀ ಮೆಟ್ಟಿಲು ಹತ್ತಿಳಿದು ಟಿಕೆಟ್ ಹರಿದ ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆಯಿತ್ತು. ಬಸ್ಸು ಒಂದೇ, ದಾರಿ ಒಂದೇ, ಹೊಗೆಯೂ ಒಂದೇ. ಆ ಕಂಡಕ್ಟರುಗಳು ಯಾರೂ ವ್ಯಾಯಾಮ ಮಾಡಲು ಹೊರಟವರಲ್ಲ. ಸಂಬಳದ ಕೆಲಸವೇ ಅವರ ಎದೆಯನ್ನು ಕಾಯುತ್ತಿತ್ತು.

*

ಮೀನಖಂಡವನ್ನು ಎರಡನೆಯ ಹೃದಯ ಎನ್ನುತ್ತಾರೆ. ಹೆಜ್ಜೆ ಹಾಕಿದಾಗಲೆಲ್ಲ ಅದು ಬಿಗಿದುಕೊಂಡು, ಕಾಲಿಗಿಳಿದ ರಕ್ತವನ್ನು ಮೇಲಕ್ಕೆ ದೂಡುತ್ತದೆ. ಕೂತಾಗ ಆ ಹೃದಯ ಸುಮ್ಮನಾಗುತ್ತದೆ. ಎದೆಯೊಳಗಿನದು ನಾವು ಹೇಳದೆಯೇ ಬಡಿಯುತ್ತದೆ. ಕಾಲಿನದಕ್ಕೆ ನಾವು ಎದ್ದು ಹೊರಡಬೇಕು.

*

ಊಟವಾದ ಮೇಲೆ ನೂರು ಹೆಜ್ಜೆ ಎನ್ನುತ್ತಿದ್ದರು ದೊಡ್ಡವರು. ಉಂಡ ಮೇಲಿನ ಸಣ್ಣ ನಡಿಗೆ ರಕ್ತದ ಸಕ್ಕರೆ ದಿಢೀರನೆ ಏರುವುದನ್ನು ತಗ್ಗಿಸುತ್ತದೆ ಎಂದು ಈಗಿನ ವೈದ್ಯರೂ ಹೇಳುತ್ತಾರೆ. ರಾತ್ರಿ ಊಟವಾದ ಮೇಲೆ ಬೀದಿ ತುದಿಯ ಅಂಗಡಿಗೆ ಹೋಗಿ ನಾಲ್ಕು ಬಾಳೆಹಣ್ಣು ತನ್ನಿ. ನೂರು ಹೆಜ್ಜೆಯ ಲೆಕ್ಕವೂ ಮುಗಿಯುತ್ತದೆ, ಬೆಳಗಿನ ತಿಂಡಿಗೆ ಹಣ್ಣೂ ಆಗುತ್ತದೆ.

*

ಸ್ಕೂಟರು ಏರಿದವನಿಗೆ ಊರು ಎಂದರೆ ಎರಡು ಕೊನೆಗಳು, ಮನೆ ಮತ್ತು ಅಂಗಡಿ. ನಡೆಯುವವನಿಗೆ ನಡುವಿನದೆಲ್ಲವೂ ಊರು.

*

ಮೈಸೂರಿನ ಸರಸ್ವತಿಪುರಂನಿಂದ ದೇವರಾಜ ಮಾರುಕಟ್ಟೆಗೆ ನಡೆದರೆ ಸುಮಾರು ಅರ್ಧ ಗಂಟೆ. ಸ್ಕೂಟರಿನಲ್ಲಿ ಹತ್ತು ನಿಮಿಷ, ಅದನ್ನು ನಿಲ್ಲಿಸಲು ಜಾಗ ಹುಡುಕುವುದಕ್ಕೆ ಇನ್ನೊಂದು ಹತ್ತು ನಿಮಿಷ. ಉಳಿಯುವುದು ಹತ್ತೇ ನಿಮಿಷ. ಆ ಹತ್ತು ನಿಮಿಷದಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳಿಕೊಂಡೆ. ನೆನಪಿಡುವಂಥದ್ದು ಒಂದೂ ಹೊಳೆಯಲಿಲ್ಲ. ನಡೆದ ಅರ್ಧ ಗಂಟೆಯಲ್ಲಿ ಹೊಂಗೆ ಹೂವು ಉದುರಿದ್ದು, ಹಳೆಯ ಸಹಪಾಠಿ ಸಿಕ್ಕಿದ್ದು, ಕಾಫಿಬೀಜ ಹುರಿಯುವ ಘಮ, ಎಲ್ಲವೂ ನೆನಪಿದೆ.

*

ಬೇಗ ತಲುಪಿದ್ದರಿಂದ ಉಳಿದ ಸಮಯ ಎಲ್ಲಿ ಹೋಯಿತೆಂದು ಯಾರಿಗೂ ಗೊತ್ತಿಲ್ಲ. ನಡೆದು ಕಳೆದ ಸಮಯ ಎಲ್ಲಿ ಹೋಯಿತೆಂದು ಕಾಲಿಗೆ ಗೊತ್ತು.

*

ಸೊಪ್ಪಿನ ಗಾಡಿಯಮ್ಮನ ಮುಂದೆ ಸ್ಕೂಟರು ನಿಲ್ಲಿಸಿ, ಕಾಲೂರಿ, ಎಂಜಿನ್ ಆರಿಸದೆ ‘ಎರಡು ಕಟ್ಟು ದಂಟು’ ಎನ್ನುತ್ತಿದ್ದ ಕಾಲವಿತ್ತು. ಆಕೆ ಕೊಡುತ್ತಿದ್ದಳು, ನಾನು ತರುತ್ತಿದ್ದೆ. ಈಗ ಗಾಡಿಯ ಪಕ್ಕ ನಿಲ್ಲುತ್ತೇನೆ. ಆಕೆ ದಂಟಿನ ಕಟ್ಟು ಎತ್ತಿ, ಬುಡ ನೋಡಿ, ಮತ್ತೆ ಕೆಳಗಿಟ್ಟು, ಒದ್ದೆ ಗೋಣಿ ಸರಿಸಿ ಒಳಗಿನಿಂದ ಚಕ್ಕೋತ ತೆಗೆಯುತ್ತಾಳೆ. ‘ದಂಟು ಬಿಸಿಲಿಗೆ ಬಾಡೈತಣ್ಣ, ಇವತ್ತು ಇದು ತಗಳಿ. ಅಕ್ಕಂಗೆ ಬೇಳೆ ಹಾಕಿ ಮಾಡಕ್ಕೇಳಿ.’ ಎಂಜಿನ್ ಸದ್ದಿನಲ್ಲಿ ಇಷ್ಟು ವರ್ಷ ಆಕೆಯ ಈ ಮಾತೇ ನನಗೆ ಕೇಳಿರಲಿಲ್ಲ.

*

ಪರಿಚಯ ಎಂಬುದು ನಿಂತವರ ನಡುವೆ ಹುಟ್ಟುತ್ತದೆ. ನಡೆಯುವವನಿಗೆ ನಿಲ್ಲುವುದು ಸುಲಭ.

*

ಕಾಲುದಾರಿ ಋತುಮಾನದ ಪಂಚಾಂಗ. ಅವರೆಕಾಯಿಯ ಸೊಗಡು ಬೀದಿಗೆ ಬಂದರೆ ಚಳಿ ಬಂತೆಂದು ಅರ್ಥ. ಫುಟ್‌ಪಾತಿನ ಮೇಲೆ ಹೊಂಗೆ ಹೂವು ಅರಳಿನಂತೆ ಹರಡಿದರೆ ಯುಗಾದಿ ಸಮೀಪ. ಇವನ್ನು ಹೆಲ್ಮೆಟ್ಟಿನೊಳಗಿನಿಂದ ಓದಲಾಗದು.

*

ಚಪ್ಪಲಿ ಹೊಲಿಯುವ ಹಿರಿಯರೊಬ್ಬರು ನನ್ನ ಚಪ್ಪಲಿಯನ್ನು ಬೋರಲು ಹಾಕಿ, ಹೆಬ್ಬೆರಳಿನಿಂದ ಹಿಮ್ಮಡಿಯ ಹೊರ ಅಂಚನ್ನು ಸವರಿ ಹೇಳಿದರು: ‘ಬಲಗಡೆ ಮಾತ್ರ ಸವೆದಿದೆ ಸ್ವಾಮಿ. ಚೀಲ ಒಂದೇ ಕೈಲಿ ಹಿಡೀತೀರಿ. ಅರ್ಧ ದಾರೀಲಿ ಕೈ ಬದಲಾಯಿಸಿ.’ ಅಂದಿನಿಂದ ಔಷಧಿ ಅಂಗಡಿಯ ತಿರುವಿನಲ್ಲಿ ಚೀಲ ಎಡಗೈಗೆ ಹೋಗುತ್ತದೆ. ನನ್ನ ನಡೆಯನ್ನು ಅಷ್ಟು ಶ್ರದ್ಧೆಯಿಂದ ಓದಿದವರು ಇನ್ನೊಬ್ಬರಿಲ್ಲ.

*

ಕೈಚೀಲ ಒಳ್ಳೆಯ ತಕ್ಕಡಿ. ಐದು ಕಿಲೋ ದಾಟಿದರೆ ಬೆರಳು ಹೇಳುತ್ತದೆ. ಕಾರಿನ ಡಿಕ್ಕಿ ಏನೂ ಹೇಳುವುದಿಲ್ಲ, ಅದಕ್ಕೇ ಅದರಲ್ಲಿ ಬೇಕಾದದ್ದಕ್ಕಿಂತ ಬೇಡದ್ದೇ ಹೆಚ್ಚು ಮನೆಗೆ ಬರುತ್ತದೆ.

*

ಹೊತ್ತು ತಂದದ್ದನ್ನು ಯಾರೂ ಕೊಳೆಯಲು ಬಿಡುವುದಿಲ್ಲ.

*

ನಮ್ಮ ಚರಿತ್ರೆಯ ಅತಿ ದೊಡ್ಡ ನಡಿಗೆ ಅಡುಗೆಮನೆಯ ಒಂದು ಪದಾರ್ಥಕ್ಕಾಗಿ ನಡೆಯಿತು. 1930ರ ಮಾರ್ಚ್ 12ರಂದು ಗಾಂಧೀಜಿ ಸಾಬರಮತಿಯಿಂದ ಹೊರಟರು. ಏಪ್ರಿಲ್ 5ರಂದು ದಂಡಿ ತಲುಪಿ ಮರುದಿನ ಉಪ್ಪು ಎತ್ತಿಕೊಂಡರು. ಸುಮಾರು 385 ಕಿಲೋಮೀಟರ್ ದಾರಿ. ಜೊತೆಗೆ ಹೊರಟ 78 ಮಂದಿಯಲ್ಲಿ ಮೋಟೆಬೆನ್ನೂರಿನ ಯುವಕ ಮೈಲಾರ ಮಹದೇವಪ್ಪನೂ ಇದ್ದ. ಉಪ್ಪು ತರಲು ರೈಲಿನಲ್ಲಿ ಹೋಗಬಹುದಿತ್ತು. ನಡೆದದ್ದರಿಂದ ದಾರಿಯ ಹಳ್ಳಿಗಳೆಲ್ಲ ಎದ್ದು ಕೂತವು.

*

ಮಾಸ್ತಿಯವರು ಬೆಂಗಳೂರಿನ ಗವಿಪುರದ ಮನೆಯಿಂದ ಬಸವನಗುಡಿ ಕ್ಲಬ್ಬಿಗೆ ಕೊಡೆ ಹಿಡಿದು ನಡೆಯುತ್ತಿದ್ದರು. ಕುವೆಂಪು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದರು. ಅವರು ನಡೆದ ದಾರಿಗಳು ಈಗಲೂ ಅಲ್ಲೇ ಇವೆ. ಅವುಗಳ ಮೇಲೆ ನಡೆಯಲು ಯಾರ ಪ್ರತಿಭೆಯೂ ಬೇಕಿಲ್ಲ.

*

ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತುವವರು ನಾವು. ಆ ಕಾಲಿಗೆ ಶನಿವಾರ ಮುಕ್ಕಾಲು ಕಿಲೋಮೀಟರ್ ಭಾರವಾಗಬೇಕಿಲ್ಲ. ಹರಕೆಗೆ ಕೊಟ್ಟ ಶಕ್ತಿಯನ್ನೇ ದಿನದ ಕೆಲಸಕ್ಕೂ ಆ ತಾಯಿ ಕೊಟ್ಟಿರುತ್ತಾಳೆ.

*

ಸಣ್ಣವನಿದ್ದಾಗ ಸಿಟ್ಟು ಮಾಡಿಕೊಂಡರೆ ಅಮ್ಮ ವಾದಿಸುತ್ತಿರಲಿಲ್ಲ. ಕೈಗೆ ಎರಡು ರೂಪಾಯಿ ಕೊಟ್ಟು ‘ಅರ್ಧ ಕಟ್ಟು ಕರಿಬೇವು ತಗೊಂಡು ಬಾ’ ಎನ್ನುತ್ತಿದ್ದಳು. ಹೋಗುವಾಗ ಕಲ್ಲು ಒದೆಯುತ್ತಾ ಹೋಗುತ್ತಿದ್ದೆ, ಬರುವಾಗ ಕರಿಬೇವು ಮೂಸುತ್ತಾ ಬರುತ್ತಿದ್ದೆ. ಕರಿಬೇವು ನಮ್ಮ ಹಿತ್ತಲಲ್ಲೇ ಇತ್ತು ಎಂಬುದು ಎಷ್ಟೋ ವರ್ಷದ ಮೇಲೆ ನೆನಪಾಯಿತು.

*

ಬಗೆಹರಿಯದ ಮಾತನ್ನು ಜೊತೆಯಲ್ಲಿ ಅಂಗಡಿಗೆ ಕರೆದುಕೊಂಡು ಹೋಗಿ. ವಾಪಸು ಬರುವಾಗ ಅದು ಚಿಕ್ಕದಾಗಿರುತ್ತದೆ.

*

ಮಗುವಿನ ಕೈ ಹಿಡಿದು ಸ್ಕೂಲಿಗೆ ನಡೆದರೆ ಒಂದು ಕಿಲೋಮೀಟರಿಗೆ ಇಪ್ಪತ್ತೈದು ನಿಮಿಷ. ಇರುವೆಯ ಸಾಲಿಗೆ ಮೂರು ನಿಮಿಷ, ಕಟ್ಟಿದ ಕರುವಿಗೆ ಎರಡು ನಿಮಿಷ, ಪೋಸ್ಟ್ ಡಬ್ಬಿ ಯಾಕೆ ಕೆಂಪು ಎಂಬ ಪ್ರಶ್ನೆಗೆ ಉಳಿದ ದಾರಿ. ಸ್ಕೂಟರಿನ ಮುಂದೆ ನಿಂತ ಮಗುವಿಗೆ ಗಾಳಿ ಸಿಗುತ್ತದೆ. ನಡೆಯುವ ಮಗುವಿಗೆ ಅಪ್ಪ ಸಿಗುತ್ತಾನೆ.

*

ನಡೆದು ಬೆಳೆದ ಮಗುವಿಗೆ ದಾರಿ ಕೇಳಲು ಸಂಕೋಚವಿಲ್ಲ, ದಾರಿ ಹೇಳಲೂ ಬರುತ್ತದೆ. ಕಾರಿನ ಹಿಂದಿನ ಸೀಟಿನಲ್ಲಿ ಬೆಳೆದ ಮಗುವಿಗೆ ತನ್ನ ಬೀದಿಯ ಮೂರನೆಯ ತಿರುವು ಗೊತ್ತಿರುವುದಿಲ್ಲ. ಈ ವ್ಯತ್ಯಾಸ ಯಾವ ಅಂಕಪಟ್ಟಿಯಲ್ಲೂ ಬರುವುದಿಲ್ಲ.

*

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿದ್ದಾರೆ. ಒಂದು ಬೆಳಿಗ್ಗೆ ಅವರ ಗೇಟಿನೊಳಗೆ ಎರಡು ದಿನದ ಪೇಪರು ಒಂದರ ಮೇಲೊಂದು ಬಿದ್ದಿತ್ತು. ಹಾಲಿನ ಪ್ಯಾಕೆಟ್ಟು ಚೀಲದಲ್ಲೇ ಇತ್ತು. ಬೆಲ್ಲು ಮಾಡಿದೆ, ಕೂಗಿದೆ, ಪಕ್ಕದವರನ್ನು ಕರೆದೆ. ಬಚ್ಚಲಲ್ಲಿ ಜಾರಿ ಬಿದ್ದು ಏಳಲಾಗದೆ ಮಲಗಿದ್ದರು. ಈಗ ಚೆನ್ನಾಗಿದ್ದಾರೆ. ಎರಡು ದಿನದಿಂದ ಆ ಮನೆಯ ಮುಂದೆ ಎಷ್ಟೋ ಗಾಡಿ ಹೋಗಿದ್ದವು. ಆ ವೇಗದಲ್ಲಿ ಪೇಪರು ಕಾಣುವುದಿಲ್ಲ. ಓಡಿಸಿದವರಾರೂ ಕೆಟ್ಟವರಲ್ಲ.

*

ಕೂಗಳತೆಯೊಳಗೆ ಇರುವವರ ಕೂಗು ಕೇಳಬೇಕಾದರೆ ನಾವೂ ಕೂಗಳತೆಯೊಳಗೆ ಓಡಾಡುತ್ತಿರಬೇಕು.

*

ನಡೆದರೆ ಎಷ್ಟು ಪೆಟ್ರೋಲು ಉಳಿಯುತ್ತದೆ? ಲೆಕ್ಕವನ್ನು ಹಿಗ್ಗಿಸದೆ ಹೇಳಬೇಕು. ದಿನಕ್ಕೆ ಎರಡು ಕಿಲೋಮೀಟರ್, ಲೀಟರಿಗೆ 45 ಕೊಡುವ ಸ್ಕೂಟರು, ವರ್ಷಕ್ಕೆ ಹದಿನಾರು ಲೀಟರ್ ಚಿಲ್ಲರೆ. ಲೀಟರಿಗೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಎಂದರೆ ಒಟ್ಟು 37 ಕಿಲೋ. ಇಷ್ಟರಿಂದ ಭೂಮಿ ತಣ್ಣಗಾಗುವುದಿಲ್ಲ. ಆದರೆ ಬೀದಿಯ ಪ್ರತಿ ಮನೆಯಿಂದಲೂ ಒಂದು ಗಾಡಿ ಬೆಳಗಿನ ಹೊತ್ತು ಸುಮ್ಮನಿದ್ದರೆ ಆ ಬೀದಿಯ ಉಸಿರು ಅವತ್ತೇ ಬದಲಾಗುತ್ತದೆ.

*

ಕಾರಿನ ಹೊಗೆ ಸೋಸುವ ಸಾಧನ ಕಾದ ಮೇಲಷ್ಟೇ ಸರಿಯಾಗಿ ಕೆಲಸ ಮಾಡುತ್ತದೆ. ತಣ್ಣಗಿನ ಎಂಜಿನ್ನು ಇಂಧನವನ್ನೂ ಹೆಚ್ಚು ಕುಡಿಯುತ್ತದೆ. ಅಂಗಡಿಗೆ ಹೋಗಿ ಬರುವ ಒಂದು ಕಿಲೋಮೀಟರಿನಲ್ಲಿ ಅದು ಕಾಯುವ ಹೊತ್ತಿಗೆ ಮನೆಯೇ ಬಂದಿರುತ್ತದೆ. ಕಾರಿಗೆ ತೀರಾ ಸಲ್ಲದ ದೂರವೇ ಕಾಲಿಗೆ ತೀರಾ ಸಲ್ಲುವ ದೂರ.

*

ನಿಲ್ಲಿಸಿದ ಕಾರಿಗೆ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ಜಾಗ ಬೇಕು. ಹನ್ನೆರಡೂವರೆ ಚದರ ಮೀಟರ್. ಅಷ್ಟೇ ಅಳತೆಯ ಕೋಣೆಯಲ್ಲಿ ಅಡುಗೆ, ನಿದ್ದೆ, ಮಕ್ಕಳ ಓದು ಎಲ್ಲವನ್ನೂ ಮಾಡಿಕೊಂಡಿರುವ ಸಂಸಾರಗಳು ಇದೇ ಊರಿನಲ್ಲಿವೆ. ಒಂದು ಡಜನ್ ಮೊಟ್ಟೆ ತರಲು ಹೋದಾಗ ನಾನು ಬೀದಿಯಲ್ಲಿ ಒಂದು ಸಂಸಾರದಷ್ಟು ಜಾಗ ಹಿಡಿಯಬಾರದು.

*

ನಡೆಯುವುದು ನನಗೆ ಆಯ್ಕೆ. ಮೂರು ಮನೆಯ ಮುಸುರೆ ತಿಕ್ಕಿ, ನಾಲ್ಕನೆಯ ಮನೆಗೆ ಬಿಸಿಲಲ್ಲಿ ಬಿರಬಿರನೆ ಹೋಗುವ ಹೆಂಗಸಿಗೆ ಅದು ಅನಿವಾರ್ಯ. ಅವಳು ನಡಿಗೆಯ ಸೊಗಸಿನ ಬಗ್ಗೆ ಬರೆಯುವುದಿಲ್ಲ. ಅವಳಿಗೆ ಬೇಕಾದದ್ದು ನೆರಳು, ಮಟ್ಟಸವಾದ ಕಲ್ಲುಹಾಸು, ಹೊತ್ತಿಗೆ ಬರುವ ಬಸ್ಸು. ಆಯ್ದುಕೊಂಡು ನಡೆಯುವವರು ಅನಿವಾರ್ಯವಾಗಿ ನಡೆಯುವವರ ಪರವಾಗಿ ಬಾಯಿ ತೆರೆಯಬೇಕು. ಇಲ್ಲದಿದ್ದರೆ ನಮ್ಮ ನಡಿಗೆ ಬರೀ ಹವ್ಯಾಸ.

*

ಫುಟ್‌ಪಾತಿನಲ್ಲಿ ಅಡೆತಡೆಯಿಲ್ಲದ ಜಾಗ ಕನಿಷ್ಠ 1.8 ಮೀಟರ್ ಅಗಲವಿರಬೇಕು, ಅಂಚುಗಲ್ಲಿನ ಎತ್ತರ 150 ಮಿಲಿಮೀಟರ್ ಮೀರಬಾರದು ಎನ್ನುತ್ತದೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮ. ಎರಡು ಕೊಡೆ ಎದುರುಬದುರಾಗಿ ಹಾದುಹೋಗುವಷ್ಟು ಅಗಲ, ಮುದುಕರ ಮಂಡಿ ಒಪ್ಪುವಷ್ಟು ಎತ್ತರ. ಒಮ್ಮೆ ನಿಮ್ಮ ಬೀದಿಯಲ್ಲಿ ಟೇಪು ಹಿಡಿದು ಅಳೆಯಿರಿ. ನಡುವೆ ಟ್ರಾನ್ಸ್‌ಫಾರ್ಮರು, ಮರಳಿನ ರಾಶಿ, ನಿಲ್ಲಿಸಿದ ಬೈಕು ಬಂದರೆ ಅವನ್ನೂ ಬರೆದಿಟ್ಟುಕೊಳ್ಳಿ. ಅಳತೆಯ ಸಮೇತ ಕೊಟ್ಟ ದೂರನ್ನು ತಳ್ಳಿಹಾಕುವುದು ಕಷ್ಟ.

*

2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಹೇಳಿದ್ದು ವಾಹನಗಳಿಗಿಂತ ಜನರ ಓಡಾಟಕ್ಕೆ ರಸ್ತೆ ಹಂಚಬೇಕೆಂದು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಅಡೆತಡೆಯಿಲ್ಲದ ಫುಟ್‌ಪಾತು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನೊಳಗೆ ಬರುತ್ತದೆ ಎಂದಿತು. ಕಾಗದದ ಮೇಲೆ ನಾವು ಗೆದ್ದಿದ್ದೇವೆ. ಕಲ್ಲಿನ ಮೇಲೆ ಗೆಲ್ಲಬೇಕಾದರೆ ಅಲ್ಲಿ ದಿನಾ ನಡೆಯುವವರು ಇರಬೇಕು.

*

2022ರಲ್ಲಿ ದೇಶದ ರಸ್ತೆಗಳಲ್ಲಿ ಸುಮಾರು 1.68 ಲಕ್ಷ ಜನ ಸತ್ತರು. ಅವರಲ್ಲಿ 32 ಸಾವಿರಕ್ಕೂ ಹೆಚ್ಚು ಮಂದಿ ನಡೆಯುತ್ತಿದ್ದವರು. ಹಾಲಿಗೆ, ಬಸ್ಸಿಗೆ, ಸ್ಕೂಲಿಗೆ, ಗುಡಿಗೆ ಹೊರಟಿದ್ದವರು. ನಡೆಯಿರಿ ಎಂದು ಹೇಳುವವನು ಈ ಸಂಖ್ಯೆಯನ್ನು ಮುಚ್ಚಿಡಬಾರದು. ನಡೆಯುವವರಿಗಾಗಿ ನಿಧಾನಿಸಿ ಎಂದು ಓಡಿಸುವವರಿಗೂ ಅದೇ ಉಸಿರಿನಲ್ಲಿ ಹೇಳಬೇಕು.

*

ನಾನೂ ಓಡಿಸಿದವನೇ. ರಸ್ತೆ ದಾಟಲು ನಿಂತ ಅಜ್ಜಿಗೆ ಹಾರ್ನ್ ಹೊಡೆದು ಮುಂದೆ ಹೋದವನೇ. ಈಗ ಆ ಜಾಗದಲ್ಲಿ ನಾನು ನಿಲ್ಲುತ್ತೇನೆ. ಗಾಡಿಯೊಂದು ನಿಧಾನಿಸಿ, ಓಡಿಸುವವರು ‘ಹೋಗಿ’ ಎಂದು ಕೈಸನ್ನೆ ಮಾಡಿದರೆ ಅಂದಿಡೀ ಮನಸ್ಸು ಹಗುರ. ಸೀಟಿನ ಮೇಲೆ ಕೂತಾಗ ಕೊಡಬಹುದಾದ ಅತಿ ದೊಡ್ಡ ದಾನ ಬ್ರೇಕು.

*

ಕೂಗು ಹೆಸರು ಹಿಡಿದು ಕರೆಯುತ್ತದೆ. ಹಾರ್ನು ‘ದಾರಿ ಬಿಡು’ ಎನ್ನುತ್ತದೆ. ಒಂದು ಬೀದಿಯಲ್ಲಿ ಇವೆರಡರಲ್ಲಿ ಯಾವುದು ಹೆಚ್ಚು ಕೇಳುತ್ತದೆ ಎಂಬುದರ ಮೇಲೆ ಅದು ಎಂಥ ಬೀದಿ ಎಂದು ಹೇಳಬಹುದು.

*

ದೀಪವಿಲ್ಲದ ಬೀದಿಯಲ್ಲಿ ಹೆಣ್ಣುಮಕ್ಕಳಿಗೆ ‘ನಡೆದು ಹೋಗು’ ಎಂದು ಬುದ್ಧಿ ಹೇಳುವ ಹಕ್ಕು ಯಾರಿಗೂ ಇಲ್ಲ. ಮೊದಲು ದೀಪ ಹಾಕಿಸಬೇಕು. ಆಮೇಲೆ ನಾವು ಹೆಚ್ಚು ಹೆಚ್ಚು ಜನ ನಡೆಯಬೇಕು. ಜನ ಓಡಾಡುವ ಬೀದಿಯಷ್ಟು ಒಳ್ಳೆಯ ಕಾವಲು ಬೇರೆಯಿಲ್ಲ.

*

ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ಸಾಮಾನು ತರುವ ಆ್ಯಪು ಬಂದಿದೆ. ಕಾಯಿಲೆಯವರಿಗೆ, ಕೈಕೂಸಿನ ತಾಯಿಗೆ ಅದು ಉಪಕಾರವೇ. ಆದರೆ ನಾನು ಉಳಿಸಿದ ನಡಿಗೆ ಎಲ್ಲಿಗೂ ಹೋಗಿಲ್ಲ, ಬೆನ್ನಿಗೆ ಚೀಲ ಕಟ್ಟಿಕೊಂಡು ಸಿಗ್ನಲ್ಲಿನಲ್ಲಿ ಗಡಿಯಾರ ನೋಡುವ ಒಬ್ಬ ಹುಡುಗನ ಅವಸರವಾಗಿದೆ. ಎರಡು ನಿಂಬೆಹಣ್ಣಿಗೆ ಆ ಅವಸರವನ್ನು ತರಿಸಿಕೊಳ್ಳಲು ನನ್ನ ಮನಸ್ಸು ಒಪ್ಪದು.

*

ನಡಿಗೆ ಒಂದು ವ್ರತವಾಗಬೇಕಿಲ್ಲ. ಇಪ್ಪತ್ತೈದು ಕಿಲೋ ಅಕ್ಕಿಮೂಟೆಗೆ ಆಟೋ ಬೇಕು. ಜ್ವರದ ಮಗುವಿಗೆ, ನಡುರಾತ್ರಿಯ ಆಸ್ಪತ್ರೆಗೆ ಕಾರು ಬೇಕು. ಮಂಡಿ ಸವೆದವರಿಗೆ ಸ್ಕೂಟರು ಕೈಕಾಲೇ ಸರಿ. ಗಾಡಿ ಇರಲಿ, ಅದಕ್ಕೆ ತಕ್ಕ ಕೆಲಸ ಬಂದಾಗ ಹೊರಡಲಿ. ಕೊತ್ತಂಬರಿ ಸೊಪ್ಪಿಗೆ ಅದನ್ನು ಎಬ್ಬಿಸುವುದು ಬೇಡ.

*

ಗಾಲಿಕುರ್ಚಿಯವರು ಸಲೀಸಾಗಿ ಹೋಗಬಲ್ಲ ಫುಟ್‌ಪಾತಿನಲ್ಲಿ ಎಲ್ಲರೂ ಹೋಗಬಲ್ಲರು. ಊರು ಯಾರಿಗಾಗಿ ಕಟ್ಟಬೇಕು ಎಂಬ ಪ್ರಶ್ನೆಗೆ ಇಷ್ಟು ಉತ್ತರ ಸಾಕು.

*

ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ನಡೆಯುವುದು ಸಾಹಸವೇ ಹೊರತು ಜಾಣತನವಲ್ಲ. ಬೆಳಿಗ್ಗೆ ಎಂಟರೊಳಗೆ, ಸಂಜೆ ಐದರ ಮೇಲೆ ಕೆಲಸ ಹಂಚಿಕೊಂಡರೆ ಬಿಸಿಲೂ ನಮ್ಮದೇ, ನೆರಳೂ ನಮ್ಮದೇ. ಹಳೆಯ ಬೀದಿಗಳಲ್ಲಿ ಹೊಂಗೆ, ಮಳೆಮರ ನೆಟ್ಟವರು ತಾವು ಆ ನೆರಳಲ್ಲಿ ನಡೆಯುತ್ತೇವೆಂದು ನೆಟ್ಟವರಲ್ಲ. ನಮಗಾಗಿ ನೆಟ್ಟರು. ರಸ್ತೆ ಅಗಲ ಮಾಡಲು ಒಂದು ಮರ ಕಡಿದಾಗ ನಡೆಯುವವನ ತಲೆಯ ಮೇಲಿನ ಸೂರು ಹೋಗುತ್ತದೆ.

*

ಮಳೆ ಬಂದರೆ ಕೊಡೆ. ಕೊಡೆಯಿಲ್ಲದಿದ್ದರೆ ಯಾವುದಾದರೂ ಅಂಗಡಿಯ ಜಗಲಿ. ಜಗಲಿಯಲ್ಲಿ ಹತ್ತು ನಿಮಿಷ ಜೊತೆಗೆ ನಿಂತವರು ಆಮೇಲೆ ಎಂದೂ ಅಪರಿಚಿತರಾಗುವುದಿಲ್ಲ.

*

ನಡೆಯುವವರು ಎಡವದೆ ಕುಳಿತವರು ಎಡವುತ್ತಾರೆಯೇ ಎನ್ನುತ್ತದೆ ಗಾದೆ. ಎಡವಿದಾಗ ಬೈಯುವ ಬದಲು ಎದ್ದಿರುವ ಆ ಕಲ್ಲನ್ನು ನೋಡಿಟ್ಟುಕೊಳ್ಳಿ. ನಾಳೆ ಅದೇ ಜಾಗದಲ್ಲಿ ನಿಮ್ಮ ತಾಯಿ ನಡೆಯುತ್ತಾರೆ.

*

ಸಕ್ಕರೆ, ಬಿಪಿ, ಮಂಡಿನೋವು ಬಂದ ಮೇಲೆ ನಡೆಯತೊಡಗುವುದು ಸಾಲ ತೀರಿಸಿದ ಹಾಗೆ. ಬರುವ ಮೊದಲು ನಡೆಯುವುದು ಉಳಿತಾಯ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಮಾತು ಹಣಕ್ಕೆ ಹೇಗೋ ಮೈಗೂ ಹಾಗೆಯೇ.

*

ಅಭ್ಯಾಸ ಬದಲಾಗುವುದು ಸಣ್ಣ ಜಾಗದಲ್ಲಿ. ನಮ್ಮ ಮನೆಯಲ್ಲಿ ಸ್ಕೂಟರಿನ ಕೀಲಿಕೈ ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತಿತ್ತು, ಬಟ್ಟೆಚೀಲ ಅಡುಗೆಮನೆಯ ಕಪಾಟಿನಲ್ಲಿರುತ್ತಿತ್ತು. ಎರಡನ್ನೂ ಅದಲು ಬದಲು ಮಾಡಿದೆವು. ಹೊರಡುವಾಗ ಕೈ ತಾನಾಗಿ ಮೊಳೆಗೆ ಹೋಗುತ್ತದೆ, ಅಲ್ಲಿ ಚೀಲವಿರುತ್ತದೆ. ಆರು ವರ್ಷದ ನಮ್ಮ ನಡಿಗೆ ಆ ಒಂದು ಮೊಳೆಯ ಮೇಲೆ ನಿಂತಿದೆ.

*

ಒಂದು ಊರು ನಮ್ಮದಾಗಲು ಅಲ್ಲಿ ಮನೆ ಕೊಂಡರೆ ಸಾಲದು. ಅದರ ಬೀದಿಗಳನ್ನು ಕಾಲಿನಿಂದ ಕೊಳ್ಳಬೇಕು, ದಿನಕ್ಕೆ ಇಷ್ಟಿಷ್ಟು ಹೆಜ್ಜೆಯ ಕಂತಿನಲ್ಲಿ.

*

ನಾಳೆ ಬೆಳಿಗ್ಗೆ ನಿಮ್ಮ ಮನೆಯಲ್ಲೂ ಏನಾದರೊಂದು ಮುಗಿದಿರುತ್ತದೆ. ಹಾಲೋ, ಹಸಿಮೆಣಸಿನಕಾಯಿಯೋ, ಮಗುವಿನ ಪೆನ್ಸಿಲೋ. ಅಂಗಡಿ ಒಂದು ಕಿಲೋಮೀಟರಿನೊಳಗಿದ್ದರೆ ಕೀಲಿಕೈ ಅಲ್ಲೇ ಇರಲಿ. ಚೀಲ ತೆಗೆದುಕೊಳ್ಳಿ, ಚಪ್ಪಲಿ ಮೆಟ್ಟಿ, ಮನೆಯವರಿಗೆ ಹೇಳಿ ಹೊರಡಿ. ಹೋಗುವಾಗ ಹೆಜ್ಜೆ ಎಣಿಸಿ. ಆ ಸಂಖ್ಯೆ ನಿಮ್ಮ ಊರು ನಿಮಗೆ ಎಷ್ಟು ಹತ್ತಿರವಿದೆ ಎಂದು ಹೇಳುತ್ತದೆ.